ಎಡಕ್ಕೆ ಎಳೆದ ಗರಗಸ

ನಾನೊಂದು ಮರ ಕೊಯ್ಯುವ ಮಷೀನು. ಓದಿದವರು ಸರಪಳಿ ಗರಗಸ ಎನ್ನುತ್ತಾರಂತೆ. ಅಷ್ಟುದ್ದದ ಹೆಸರು ಹಿಡಿದು ನನ್ನನ್ನು ಈವರೆಗೆ ಯಾರೂ ಕರೆದಿಲ್ಲ. ನನ್ನ ಗಂಟಲು ದೊಡ್ಡದು. ಬಾಯಿ ತೆರೆದರೆ ಮೂರು ಓಣಿ ಆಚೆ ಮಲಗಿದ ನಾಯಿಗಳೂ ಎದ್ದು ಕೂರುತ್ತವೆ. ಹಾಗಾಗಿ ನನ್ನ ಕಥೆಯನ್ನು ಎಂಜಿನ್ ಬಂದ್ ಇರುವಾಗಲೇ ಹೇಳಿಬಿಡುತ್ತೇನೆ.

ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ಒಬ್ಬರು ಎಂಜಿನ್ ಕೂರಿಸಿದರು, ಒಬ್ಬರು ಹದಿನೆಂಟು ಇಂಚಿನ ಪಟ್ಟಿ ಜೋಡಿಸಿದರು, ಇನ್ನೊಬ್ಬರು ಅದರ ಸುತ್ತ ಮೂವತ್ತಾರು ಹಲ್ಲಿನ ಚೈನು ತೊಡಿಸಿದರು. ಹದಿನೆಂಟು ಹಲ್ಲು ಎಡಕ್ಕೆ, ಹದಿನೆಂಟು ಬಲಕ್ಕೆ. ಎರಡೂ ಕಡೆಯವು ಸಮನಾಗಿ ಕಚ್ಚಿದರೆ ಮಾತ್ರ ನಾನು ನೆಟ್ಟಗೆ ಕೊಯ್ಯುತ್ತೇನೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗದಗಿನ ಒಂದು ಅಂಗಡಿಯ ಕಪಾಟಿನಲ್ಲಿ ಕೂತಿದ್ದಾಗ ಅಪ್ಪಣಗೌಡರು ಬಂದರು. ಅಂಗಡಿಯವನು ಕೇಳಿದ: "ಏನ್ ಕೊಯ್ಯವ್ರು, ಗೌಡ್ರ?"

"ಬದುವಿನ ಮ್ಯಾಲಿನ ಜಾಲಿ. ಒಲಿಗೆ ಕಟಗಿ ಬೇಕು."

"ಹಂಗಾರ ಸಣ್ಣದು ಸಾಕ್ರೀ. ತೋಳಿನಷ್ಟ್ ದಪ್ಪ ಟೊಂಗಿಗೆ ಇದು ಸುಮ್ನ ಭಾರ."

"ಬಾಜೂ ಹೊಲದಾಂವ ಹದಿನಾರು ಇಂಚಿಂದು ತಂದಾನ. ನನಗ ಇದ ಬೇಕು."

ನನ್ನನ್ನು ಆರಿಸಿಕೊಂಡಿದ್ದಕ್ಕೆ ಕಾರಣ ಇಷ್ಟೇ. ಆದರೂ ಆಗ ನಾನು ಎದೆಯುಬ್ಬಿಸಿಕೊಂಡೆ. ಅಂಗಡಿಯವನು ಒಂದು ಆಯಿಲ್ ಬಾಟ್ಲಿ ಕೊಟ್ಟು, ಇದನ್ನು ಪೆಟ್ರೋಲಿಗೆ ಬೆರೆಸಿಯೇ ಹಾಕಬೇಕೆಂದು ಎರಡೆರಡು ಸಲ ಹೇಳಿದ. ಗೌಡರು ಬಾಟ್ಲಿಯನ್ನು ಗೋಡೆಯ ಗೂಡಿನಲ್ಲಿ ಭದ್ರವಾಗಿಟ್ಟರು. ನನಗೆ ಮಾತ್ರ ತಮ್ಮ ಮೋಟರ್‌ಸೈಕಲ್ಲಿನ ಪೆಟ್ರೋಲನ್ನೇ ಕುಡಿಸಿದರು. ಮೂರನೆಯ ದಿನ ಎದೆಯೊಳಗೆ ಬೆಂಕಿ ಬಿದ್ದ ಹಾಗಾಗಿ ಪಿಸ್ಟನ್ ಹಿಡಿದುಕೊಂಡಿತು. ಗೌಡರು ನನ್ನನ್ನೂ ನನ್ನ ಹೆತ್ತವರನ್ನೂ ಬೈದು, ಒಬ್ಬ ಮೆಕ್ಯಾನಿಕ್‌ನ ಅಂಗಡಿಯಲ್ಲಿ ಎಸೆದು ಹೋದರು.

ಅಲ್ಲಿ ಹಳೆಯ ಟೈರುಗಳ ಹಿಂದೆ ಬಿದ್ದಿದ್ದ ನನ್ನನ್ನು ಎತ್ತಿದವನು ಮೋನಪ್ಪ ಬಡಿಗೇರ. ಆಗ ಅವನಿಗೆ ಐವತ್ತು ವರ್ಷ. ರೆಡಿಮೇಡ್ ಬಾಗಿಲುಗಳು ಬಂದು ಬಡಿಗತನ ಕಡಿಮೆಯಾಗಿತ್ತು. ಮನೆಮನೆಗೆ ಹೋಗಿ ಉರುವಲು ಕೊಯ್ದುಕೊಡುವ ಯೋಚನೆ ಅವನದು. ಅವನು ನನ್ನ ಬಣ್ಣ ನೋಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಸೊಂಟದ ಮಟ್ಟದಲ್ಲಿ ಐದು ನಿಮಿಷ ಸುಮ್ಮನೆ ನಿಂತ, ತೋಳು ಸೋಲುತ್ತದೋ ಇಲ್ಲವೋ ಎಂದು. ಆಮೇಲೆ ಹಗ್ಗ ಎಳೆದು, ಕಿವಿಗೊಟ್ಟು ಕೇಳಿ, "ಇದು ಸತ್ತಿಲ್ಲ, ಎಣ್ಣಿ ಕಂಡಿಲ್ಲ ಅಷ್ಟ" ಎಂದ. ಹೊಸ ಪಿಸ್ಟನ್ ಹಾಕಿಸಿ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಮನೆಗೆ ತಂದ.

ಬಾಗಿಲಲ್ಲೇ ಅವನ ಹೆಂಡತಿ ನಿಂಬೆವ್ವ ನನ್ನ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿ ಲೊಚಗುಟ್ಟಿದಳು. "ಯಾವ ಪುಣ್ಯಾತ್ಮ ಇದನ್ನ ಮಣ್ಣಾಗ ತಿಕ್ಕ್ಯಾನ್ರಿ?" ಅವಳ ಅಪ್ಪನೂ ಬಡಿಗ. ಹುಡುಗಿಯಾಗಿದ್ದಾಗಿನಿಂದ ಅವನ ಕೈಗರಗಸಗಳ ಹಲ್ಲು ಮಸೆದು ಬೆಳೆದವಳು. ಅಂದೇ ಜಾಲಿಯ ಬೊಡ್ಡೆಯೊಂದರಲ್ಲಿ ಸೀಳು ಕೊರೆಸಿ, ಅದರಲ್ಲಿ ನನ್ನ ಪಟ್ಟಿ ಸಿಕ್ಕಿಸಿ, ದುಂಡನೆಯ ಅರ ಹಿಡಿದು ಕೂತಳು. ಮೊದಲು ಒಂದು ಹಲ್ಲಿಗೆ ಕುಂಕುಮದ ಬೊಟ್ಟು ಇಟ್ಟಳು. ಅಲ್ಲಿಂದ ಶುರು, ಸುತ್ತು ಬಂದು ಕುಂಕುಮ ಕಂಡಲ್ಲಿ ಮುಗಿಯಿತು. ಒಂದೊಂದು ಹಲ್ಲಿಗೆ ಮೂರು ತಿಕ್ಕು, ಅರ ಮುಂದಕ್ಕೆ ಮಾತ್ರ. ಎಡಗಡೆಯ ಹದಿನೆಂಟು ಆದ ಮೇಲೆ ನನ್ನನ್ನು ತಿರುಗಿಸಿ ಬಲಗಡೆಯವು. ನಿಜ ಹೇಳುತ್ತೇನೆ, ಕಾರ್ಖಾನೆಯಲ್ಲೂ ಯಾರೂ ನನ್ನನ್ನು ಅಷ್ಟು ಅಕ್ಕರೆಯಿಂದ ಮುಟ್ಟಿರಲಿಲ್ಲ.

ಹದಿನಾಲ್ಕು ವರ್ಷ ಹೀಗೇ ಸುಖವಾಗಿ ಕಳೆದವು. ಬಳ್ಳಾರಿ ಜಾಲಿ, ಬೇವು, ಹುಣಸೆ, ಎಷ್ಟು ಕೊಯ್ದೆನೋ! ಮೋನಪ್ಪ ಬಲು ಅಂಜುಬುರುಕ, ಅದು ನನಗೆ ಇಷ್ಟ. ಒಂದರ ಮೇಲೊಂದು ಎರಡು ಜೀನ್ಸ್ ಪ್ಯಾಂಟು ತೊಟ್ಟು, ತಲೆಗೆ ಹೆಲ್ಮೆಟ್ ಹಾಕಿಕೊಂಡೇ ನನ್ನನ್ನು ಮುಟ್ಟುತ್ತಿದ್ದ. ಹೆಗಲಿಗಿಂತ ಮೇಲೆ ಎತ್ತುತ್ತಿರಲಿಲ್ಲ. ದಿಮ್ಮಿಯ ಕೆಳಗೆ ಅಡ್ಡ ಕೊಟ್ಟು, ನನ್ನ ಹಲ್ಲು ಮಣ್ಣಿಗೆ ತಾಗದಂತೆ ನೋಡಿಕೊಳ್ಳುತ್ತಿದ್ದ. ಪೆಟ್ರೋಲು ತುಂಬಿದಾಗಲೆಲ್ಲ ಚೈನಿನ ಎಣ್ಣೆಯನ್ನೂ ತುಂಬುತ್ತಿದ್ದ. ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯ ರೊಟ್ಟಿ ಒಲೆಗೆ ನಾವೇ ಕಟ್ಟಿಗೆ ಕೊಡುತ್ತಿದ್ದೆವು. ನಾನು ತುಂಡು ಮಾಡುತ್ತಿದ್ದೆ, ಖಾನಾವಳಿಯ ಆಳು ದಾವಲಸಾಬ ಆ ತುಂಡುಗಳನ್ನು ಸಾಲಾಗಿ ನಿಲ್ಲಿಸಿ ಕೊಡಲಿಯಿಂದ ಸೀಳುತ್ತಿದ್ದ.

ಅದೊಂದು ಸಂಕ್ರಮಣ ಕಳೆದ ಮೇಲೆ ವ್ಯತ್ಯಾಸ ಮೊದಲು ತಿಳಿದದ್ದು ನನಗೆ. ಎಡಗಡೆಯ ಹಲ್ಲುಗಳಿಗೆ ನಿಂಬೆವ್ವನ ಅರ ಎಂದಿನಂತೆಯೇ ಕೂರುತ್ತಿತ್ತು. ನನ್ನನ್ನು ತಿರುಗಿಸಿದ ಮೇಲೆ ಮಾತ್ರ ಅದು ಹಲ್ಲಿನ ಒಳಗೆ ಇಳಿಯದೆ ನೆತ್ತಿಯ ಮೇಲೆ ಜಾರುತ್ತಿತ್ತು. ಬಲಗಡೆಯವು ಮೊಂಡಾಗುತ್ತ ಬಂದವು. ಬಾಯಿ ಬಿಟ್ಟು ಹೇಳಲು ನನಗೆ ಬರುತ್ತದೆಯೇ? ನನಗೆ ಬರುವುದು ಕೊಯ್ಯುವುದೊಂದೇ. ಕೊಯ್ಯುವಾಗ ಎಡಕ್ಕೆ ಎಳೆಯತೊಡಗಿದೆ.

ದಾವಲಸಾಬ ಸಿಟ್ಟಾದ. "ಏನ್ ಕೊಯ್ದೀಯೋ ಮೋನಪ್ಪಣ್ಣಾ? ಒಂದ್ ತುಂಡರೆ ನೆಟ್ಟಗ ನಿಂದ್ರವಲ್ದು. ಕುಡದ ಕೊಯ್ದಿ ಏನು?"

ಚಹಾ ಬಿಟ್ಟರೆ ಬೇರೇನೂ ಕುಡಿಯದ ಮೋನಪ್ಪನ ಮುಖ ಸಣ್ಣದಾಯಿತು. ಪಟ್ಟಿ ಸವೆದಿರಬೇಕೆಂದು ಹೊಸ ಪಟ್ಟಿ ಹಾಕಿಸಿದ, ನಾನು ಎಡಕ್ಕೇ ಎಳೆದೆ. ಹೊಸ ಚೈನು ತಂದ, ಎಂಟು ದಿನ ನೆಟ್ಟಗೆ ಕೊಯ್ದೆ. ಒಂಬತ್ತನೆಯ ದಿನ ನಿಂಬೆವ್ವ ಅದನ್ನು ಮಸೆದಳು, ಮತ್ತೆ ಎಡಕ್ಕೆ ಎಳೆದೆ. ಮರುದಿನ ದಪ್ಪ ಬೇವಿನ ದಿಮ್ಮಿಯೊಂದರಲ್ಲಿ ಸೊಟ್ಟಗೆ ಹೋಗಿ ಸಿಕ್ಕಿಕೊಂಡೆ. ಅವನು ಒತ್ತಿದ, ನಾನು ಚಂಗನೆ ಹಾರಿ ಅವನ ಮೊಣಕಾಲಿನ ಹತ್ತಿರ ಎರಡೂ ಪ್ಯಾಂಟು ಹರಿದೆ. ಚರ್ಮಕ್ಕೆ ಕೂದಲೆಳೆಯಷ್ಟು ಅಂತರವಿತ್ತು. ನನ್ನ ಯಜಮಾನನ ರಕ್ತ ನೋಡಬೇಕಾಗಿ ಬಂದಿದ್ದರೆ ನಾನು ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ.

ಮೋನಪ್ಪ ದಿಮ್ಮಿಯ ಮೇಲೆ ಕೂತು ನನ್ನ ಹಲ್ಲುಗಳನ್ನು ಬಿಸಿಲಿಗೆ ಹಿಡಿದು ನೋಡಿದ. ಎಡಗಡೆಯವು ಥಳಥಳ ಹೊಳೆಯುತ್ತಿದ್ದವು. ಬಲಗಡೆಯವು ಮಂಕಾಗಿದ್ದವು. ಕುಂಕುಮದ ಬೊಟ್ಟು ಹಲ್ಲಿನ ಮೇಲಿರದೆ ಪಕ್ಕದ ಕೊಂಡಿಯ ಮೇಲಿತ್ತು.

ಮನೆಗೆ ಬಂದು ಸೀಮೆಎಣ್ಣೆಯ ಬಟ್ಟೆಯಿಂದ ಚೈನನ್ನೆಲ್ಲ ಒರೆಸಿದ, ಕುಂಕುಮವೂ ಹೋಯಿತು. ಆಮೇಲೆ ಹೆಂಡತಿಯನ್ನು ಕರೆದ.

"ಇದಕ್ಕ ಹಲ್ಲೆಷ್ಟು ಅದಾವು, ನೋಡಿ ಹೇಳು."

"ಮೂವತ್ತಾರು," ಎಂದಳು ನೋಡದೆಯೇ. "ಹದಿನಾಕು ವರ್ಷ ಮಸದಾಕಿಗೆ ಲೆಕ್ಕ ಕೇಳ್ತೀರೇನು?"

"ಆತು. ಕುಂಕುಮದ ಹಲ್ಲು ಯಾವುದು, ತೋರ್ಸು."

ನಿಂಬೆವ್ವ ಬಗ್ಗಿದಳು. ಕತ್ತು ಓರೆ ಮಾಡಿದಳು. ಬೆರಳು ಚೈನಿನ ಮೇಲೆ ಹರಿದಾಡಿ ಒಂದು ಹಲ್ಲಿನ ಮೇಲೆ ನಿಂತಿತು. "ಇದ ಅಲ್ಲೇನ್ರಿ."

ಮೋನಪ್ಪ ಆ ಬೆರಳನ್ನು ಮೆಲ್ಲಗೆ ಹಿಡಿದುಕೊಂಡ. "ಯಾವ ಹಲ್ಲಿಗೂ ಕುಂಕುಮ ಇಲ್ಲ, ನಿಂಬಿ. ನಾನ ಒರಸೀನಿ."

ಅವಳು ಅಲ್ಲೇ ಕೂತುಬಿಟ್ಟಳು. "ಬಲಗಣ್ಣಿಗೆ ಪರದೆ ಬಿಟ್ಟಂಗ ಆಗೇತ್ರಿ. ಈಗ ಎಡಗಣ್ಣೂ ಮಂಜು. ಹೇಳಿದ್ರ ಅರ ಕಸಗೊಂತೀರಿ, ಪ್ಯಾಟ್ಯಾಗ ಯಾರ ಕಡೆಯಿಂದರೆ ಮಸಸ್ತೀರಿ ಅಂತ ಸುಮ್ನಿದ್ದೆ." ಅಷ್ಟರಲ್ಲಿ ಅವಳ ಕೈ ಅವನ ಹರಿದ ಪ್ಯಾಂಟಿಗೆ ತಾಗಿತು. ತಡವಿ ನೋಡಿದಳು, ಒಂದಲ್ಲ, ಎರಡೂ ಹರಿದಿದ್ದವು. "ನನ್ನ ಹಟಕ್ಕ ನಿಮ್ಮ ಕಾಲು ಹೋಗ್ತಿತ್ತಲ್ರೀ" ಎಂದು ಅತ್ತಳು.

"ಅರ ನಿಂದ. ಯಾವಾಂವನೂ ಕಸಗೊಳ್ಳಂಗಿಲ್ಲ," ಎಂದ ಮೋನಪ್ಪ. "ಮದಲ ಕಣ್ಣು ತೋರಿಸೂಣು ನಡಿ."

ದವಾಖಾನೆಯೆಂದರೆ ನಡುಗುತ್ತಿದ್ದ ನಿಂಬೆವ್ವ ಒಂದೊಂದಾಗಿ ಎರಡೂ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಡಾಕ್ಟರು ಹೇಳುವ ತನಕ ಧೂಳು ಕೂಡದು, ಅರ ಮುಟ್ಟಕೂಡದು. ಖಾನಾವಳಿಯ ಒಲೆ ಕಾಯುತ್ತಿತ್ತು. ಆದರೂ ಮೋನಪ್ಪ ನನ್ನನ್ನು ಪೇಟೆಯಲ್ಲಿ ಮಸೆಸಲು ಒಯ್ಯಲಿಲ್ಲ, ಅಂಗಳದಲ್ಲಿ ತಾನೇ ಅರ ಹಿಡಿದು ಕೂತ. ಅವಳು ಪಡಸಾಲೆಯಲ್ಲಿ ಕೂತು ಸದ್ದು ಕೇಳಿಯೇ ಮಾಸ್ತರಿಕೆ ಮಾಡಿದಳು: "ಎರಡಕ್ಕ ಯಾಕ ನಿಲ್ಸಿದ್ರಿ? ಇನ್ನೊಂದು ತಿಕ್ಕರಿ. ಹಿಂದಕ್ಕ ಎಳೀಬ್ಯಾಡ್ರಿ!" ಅವನು ಗೊಣಗುತ್ತ ತಿಕ್ಕಿದ. ಅವನ ಮಸೆತದಿಂದ ನನಗೆ ಕಚಗುಳಿಯಾಗುತ್ತಿತ್ತು, ಕೊಯ್ತವೂ ಅಷ್ಟಕ್ಕಷ್ಟೇ. ಆದರೆ ಮನೆಯೊಳಗೆ ನಗು ಮರಳಿತ್ತು.

ಕನ್ನಡಕ ತೆಗೆದ ದಿನ ನಿಂಬೆವ್ವ ನನ್ನನ್ನು ಬೊಡ್ಡೆಗೆ ಸಿಕ್ಕಿಸಿ, ಮಸೆಯುವ ಮೊದಲು ಒಂದೊಂದೇ ಹಲ್ಲು ಮುಟ್ಟಿ ಎಣಿಸಿದಳು. ಕೊನೆಗೆ ತಲೆ ಎತ್ತಿ, "ಹೌದ್ರೀ, ಮೂವತ್ತಾರ ಅದಾವು" ಎಂದಳು.

ಅದಾಗಿ ಎಂಟು ವರ್ಷ. ಈಗ ಖಾನಾವಳಿಗೆ ಗ್ಯಾಸ್ ಬಂದಿದೆ. ಮೋನಪ್ಪನ ಮೊಣಕಾಲುಗಳು ನೋಯುತ್ತವೆ. ನನಗೂ ಉಸಿರು ಸಾಲದು, ಹತ್ತು ಸಲ ಹಗ್ಗ ಎಳೆದರೆ ಒಮ್ಮೆ ಕೆಮ್ಮುತ್ತೇನೆ. ಪೆಟ್ರೋಲು ಬಸಿದು, ಪಟ್ಟಿಗೆ ಎಣ್ಣೆ ಸವರಿ, ಗೋಣಿಚೀಲ ಹೊದಿಸಿ ನನ್ನನ್ನು ಪಡಸಾಲೆಯ ಮೂಲೆಯಲ್ಲಿಟ್ಟಿದ್ದಾರೆ. ಗುಜರಿಯವನು ಎರಡು ಸಲ ಕೇಳಿದ್ದಾನೆ, ಎರಡು ಸಲವೂ ನಿಂಬೆವ್ವನಿಂದ ಬೈಸಿಕೊಂಡು ಹೋಗಿದ್ದಾನೆ.

ವರ್ಷಕ್ಕೊಮ್ಮೆ, ಮಹಾನವಮಿಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೇ ಪೂಜೆಯ ದಿನ, ನನ್ನನ್ನು ಅಂಗಳಕ್ಕೆ ತರುತ್ತಾರೆ. ನಿಂಬೆವ್ವ ಕುಂಕುಮವಿಟ್ಟು ಮಸೆಯುತ್ತಾಳೆ. ಮೋನಪ್ಪ ಹಗ್ಗ ಎಳೆದು, ಜಾಲಿಯ ದಿಮ್ಮಿಯಿಂದ ಒಂದೇ ಒಂದು ತುಂಡು ಕೊಯ್ದು ಕಲ್ಲುಹಾಸಿನ ಮೇಲೆ ನಿಲ್ಲಿಸುತ್ತಾನೆ. ಆಮೇಲೆ ಇಬ್ಬರೂ ಅದು ವಾಲುತ್ತದೋ ಎಂದು ನೋಡುತ್ತ ನಿಲ್ಲುತ್ತಾರೆ. ಅವಳ ಕಣ್ಣು ಹೇಗಿದೆ ಎಂದು ಅವರು ಮೊದಲು ಕೇಳುವುದು ನನ್ನನ್ನು. ಹೇಳಲು ನನಗೂ ಬರುತ್ತದೆ ಎಂದು ಅವರಿಗೆ ಗೊತ್ತಾಗಿದೆಯಲ್ಲ, ಈ ಮುದಿತನದಲ್ಲಿ ನನಗೆ ಅಷ್ಟು ಸಾಕು.

ಈ ವರ್ಷವೂ ಕೊಯ್ದೆ. ತುಂಡು ಕಲ್ಲಿನ ಮೇಲೆ ಕೂತಿತು, ಅಲುಗಲಿಲ್ಲ. ನಿಂಬೆವ್ವ ಒಳಗೆ ಹೋಗಿ, ಕಂಠದವರೆಗೆ ತುಂಬಿದ ಚಹಾದ ಕಪ್ಪು ತಂದು ಅದರ ಮೇಲಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ.

"ಕುಡೀರಿ," ಎಂದಳು.