ಮುನಶಿ ಅಳತೆಯ ಬೂಟು

ಹದಿನಾರು ವರ್ಷ ನನ್ನ ಪಾದದ ಬಗ್ಗೆ ಸರ್ಕಾರಕ್ಕೆ ಯಾವ ಚಿಂತೆಯೂ ಇರಲಿಲ್ಲ. ಅಷ್ಟು ವರ್ಷವೂ ನನ್ನ ಪಾದ ಚೆನ್ನಾಗಿಯೇ ಇತ್ತು.

ನಾನು ಟಪಾಲು ಹರಕಾರ. ಚಿತ್ತಾಪುರದ ಕಡೆಯ ಒಂದು ಸಣ್ಣ ಕಚೇರಿಯಿಂದ ತೆಂಗಳಿಯವರೆಗೆ ಟಪಾಲು ಚೀಲ ಹೊತ್ತು, ಸರ್ಕಾರ ಕೊಟ್ಟ ಗೆಜ್ಜೆಕೋಲು ಹಿಡಿದು ಓಡುವುದು ನನ್ನ ಕೆಲಸ. ಆ ಕಚೇರಿಯ ಹೆಸರು ಹೇಳುವುದಿಲ್ಲ. ಅಲ್ಲಿಯ ಮಂದಿಗೆ ಗೊತ್ತಾಗುತ್ತದೆ. ತೆಂಗಳಿಯಲ್ಲಿ ಮಶಾಕ ನನ್ನ ಚೀಲ ತೆಗೆದುಕೊಂಡು ಕಾಳಗಿಗೆ ಓಡುತ್ತಾನೆ. ನಡುವೆ ಕಾಗಿಣಾ ಹೊಳೆ. ನಾವು ಅಂಬಿಗರು, ಹೊಳೆಗೆ ಹೆದರುವವರಲ್ಲ. ಎರೆ ನೆಲದ ಬಿರುಕು, ಜಾಲಿ ಮುಳ್ಳು, ಫರಸಿ ಕಲ್ಲಿನ ಚೂರು, ಕೊಯ್ದ ಜೋಳದ ಕೂಳೆ, ಎಲ್ಲವನ್ನೂ ತುಳಿದು ನನ್ನ ಅಂಗಾಲು ಎಮ್ಮೆಯ ತೊಗಲಾಗಿತ್ತು.

ಒಂದು ದಿನ ಹೈದರಾಬಾದಿನ ಯಾರೋ ದೊಡ್ಡ ಮನುಷ್ಯರು ರೈಲಿನ ಕಿಟಕಿಯಿಂದ ಒಬ್ಬ ಹರಕಾರನನ್ನು ನೋಡಿದರಂತೆ. ಸರ್ಕಾರದ ಟಪಾಲು ಬರಿಗಾಲಲ್ಲಿ ಓಡುವುದು ನಾಚಿಕೆಗೇಡು ಎಂದು ಅವರಿಗೆ ಅನ್ನಿಸಿತಂತೆ. ನಮ್ಮ ಪಗಾರ ಕಂಡಿದ್ದರೆ ಇನ್ನೂ ಹೆಚ್ಚು ನಾಚಿಕೆಯಾಗುತ್ತಿತ್ತು. ಆದರೆ ಪಗಾರ ಕಿಟಕಿಯಿಂದ ಕಾಣುವುದಿಲ್ಲ.

ಹುಕುಂ ಬಂತು. ಪ್ರತಿ ಕಚೇರಿಯ ಮುನಶಿ ತನ್ನ ಹರಕಾರನ ಪಾದವನ್ನು ಕಾಗದದ ಮೇಲಿಡಿಸಿ, ತನ್ನ ಕೈಯಾರೆ ಹಿಡಿದು, ಸುತ್ತ ಗೀಟು ಎಳೆದು ಕಳಿಸಬೇಕು. ನಮ್ಮ ಮುನಶಿ ನಾಗೇಂದ್ರಪ್ಪನವರು ಅದನ್ನು ಎರಡು ಸಲ ಓದಿದರು. ಆಮೇಲೆ ನನ್ನ ಪಾದವನ್ನು ನೋಡಿದರು.

"ಕಾಶ್ಯಾ, ಜಂಗಮರ ಪಾದ ಬಿಟ್ಟು ಬ್ಯಾರೆ ಯಾರ ಪಾದಾನೂ ಮುಟ್ಟಿದವ ಅಲ್ಲ ನಾ. ನಿನ್ನ ಪಾದ ಹಿಡೀಲೇನು?"

"ಹಾಂಗಾದ್ರ ಬಿಡ್ರಿ. ಗೀಟು ನಾನs ಎಳಕೋತೀನಿ."

"ಮುನಶಿ ಕೈಯಾರೆ ಅಂತ ಬರದಾರ. ಸುಳ್ಳು ರುಜು ಮಾಡ್ಲೇನು?"

ಸುಳ್ಳು ರುಜು ಮಾಡಲು ಒಪ್ಪದ ಆ ಪ್ರಾಮಾಣಿಕ ಮನುಷ್ಯ ತಮ್ಮ ಜೋಡು ಕಳಚಿ, ಕಾಗದದ ಮೇಲೆ ತಮ್ಮದೇ ಪಾದ ಇಟ್ಟು, ತಮ್ಮ ಕೈಯಾರೆ ಗೀಟು ಎಳೆದು, ಕೆಳಗೆ ನನ್ನ ಹೆಸರು ಬರೆದರು.

"ಕಾಲಂದ್ರ ಕಾಲು. ಎಲ್ಲಾರಿಗೂ ಐದs ಬೆರಳು" ಎಂದರು. ಸೋಮವಾರ ಮಠದಲ್ಲಿ ಮೇಲು ಕೀಳಿಲ್ಲವೆಂದು ಹಾಡುವ ಗಂಟಲು ಅದೇ.

ಮೂರು ತಿಂಗಳಿಗೆ ಬೂಟು ಬಂದವು. ಗಾದಿಯ ಮೇಲೆ ಕೂತು ಬೆಳೆದ ಪಾದಕ್ಕೆ ಹೇಳಿ ಹೊಲಿದಂಥವು: ಸಣ್ಣಗೆ, ನೀಟಾಗಿ, ಮುಂದೆ ಚೂಪು. ಒಳಗೆ ಅಟ್ಟೆಯ ಮೇಲೆ ಸರ್ಕಾರದ ಮೊಹರು. ಜೊತೆಗೆ ಇನ್ನೊಂದು ಹುಕುಂ: ಮೊಹರಿಲ್ಲದ ಜೋಡು ಮೆಟ್ಟಿದರೆ, ಬರಿಗಾಲಲ್ಲಿ ಸಿಕ್ಕರೆ, ಇಲ್ಲವೇ ಮೂರು ಸಲ ತಡವಾದರೆ ಗೆಜ್ಜೆಕೋಲು ಕಸಿದುಕೊಳ್ಳಲಾಗುವುದು. ಕೋಲು ಹೋಯಿತೆಂದರೆ ನೌಕರಿ ಹೋಯಿತು.

ಮೊದಲ ದಿನ ಹೊಳೆ ಮುಟ್ಟುವುದರೊಳಗೆ ನನ್ನ ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ತೊಗಲು ಮೆಟ್ಟಿ ದೋಣಿ ಹತ್ತುವ ಪದ್ಧತಿ ನಮ್ಮಲ್ಲಿಲ್ಲ. ಬೂಟು ಕಳಚಿದೆ. ಪಾದ ಹಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿತು. ಆಚೆ ದಡದಲ್ಲಿ ಮತ್ತೆ ಒಳಗೆ ಹೋಗು ಎಂದರೆ ಹೋಗಲೊಲ್ಲದು. ತೆಂಗಳಿ ಮುಟ್ಟಿದಾಗ ಮಶಾಕ ಬೇವಿನ ನೆರಳಲ್ಲಿ ಕಾದು ಕಾದು ಆಕಳಿಸುತ್ತಿದ್ದ.

"ಏನ್ ಕಾಶಪ್ಪಣ್ಣ, ಮದುಮಗನ ಹಾಂಗ ಬರ್ಲಿಕತ್ತೀಯಲ್ಲ! ಬೂಟು ನೀ ತಂದಿ, ಇಲ್ಲ ಬೂಟs ನಿನ್ನ ತಂತು?"

ಅವನ ಕಚೇರಿಯ ಬೂಟು ಇನ್ನೂ ಬಂದಿರಲಿಲ್ಲ. ಅದಕ್ಕೇ ಆ ಮಾತು. ಚೀಲ ಅವನ ಎದೆಗೆ ಎಸೆದೆ.

ನನ್ನ ಹೆಂಡತಿ ಯಂಕಮ್ಮ ನೆನೆಸಿದ ಜೋಳ ತುಂಬಿದರೆ ಬೂಟು ಹಿಗ್ಗುತ್ತದೆ ಎಂದಳು. ತುಂಬಿದೆವು. ಹಿಗ್ಗಿದ್ದು ನಿಜ, ಒಣಗುವಾಗ ಮೊದಲಿಗಿಂತ ಬಿಗಿಯಾಯಿತು. ಎರಡನೆಯ ಸಲ ತಡವಾಯಿತು. ಮುನಶಿಯವರು ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡು, "ಸೋಮವಾರ ಅಮೀರ್ ಅಲಿ ಸಾಹೇಬ್ರು ಗಡಿಯಾರ ಹಿಡಕೊಂಡು ತೆಂಗಳ್ಯಾಗ ಕುಂದ್ರತಾರ. ನೋಡ್ಕೋ" ಎಂದರು. ಅಮೀರ್ ಅಲಿ ಎಂದರೆ ಎಲ್ಲ ಟಪಾಲು ಮುನಶಿಗಳ ಮೇಲಿನ ಸಾಹೇಬರು.

ಬೂಟು ಬಗಲಲ್ಲಿಟ್ಟುಕೊಂಡು ಊರಾಚೆ ತೊಗಲ ಕೆಲಸ ಮಾಡುವ ಭೀಮಬಾಯಿಯ ಗುಡಿಸಲಿಗೆ ಹೋದೆ. ನನ್ನ ತಾಯಿಯ ವಾರಗೆಯವಳು. ಬೂಟನ್ನು ತಿರುಗಿಸಿ ನೋಡಿ ನಕ್ಕಳು.

"ಇದು ಓಡೋ ಕಾಲಿಂದಲ್ರಿ ಕಾಶಪ್ಪಣ್ಣ. ಕುಂದ್ರೋ ಕಾಲಿಂದು."

"ಅದು ನಂಗೊತ್ತದ ಭೀಮವ್ವ. ನನ್ನ ಅಳತಿ ತಗೋ."

"ಈಗಲ್ಲ. ಹೊಳಿತನಕ ಓಡಿ ಬರ್ರಿ."

"ನಡದು ಬಂದೀನಿ, ಸಾಲಂಗಿಲ್ಲೇನು? ಚಾಷ್ಟಿ ಮಾಡ್ತೀ?"

"ಓಡೋರ ಕಾಲು ಓಡಿದ ಮ್ಯಾಲೆ ಬ್ಯಾರೆ ಇರ್ತದ್ರಿ. ಸುಮ್ಮ ನಿಂತ ಕಾಲಿನ ಅಳತಿ ತಗೊಂಡ್ರ ಮತ್ತ ನಾಳಿ ನನ್ನs ಬೈಲಿಕ್ಕ ಬರ್ತೀರಿ. ಹೋಗ್ರಿ, ಹೋಗ್ರಿ."

ಬೈಯುತ್ತಲೇ ಓಡಿದೆ, ಬೈಯುತ್ತಲೇ ಬಂದೆ. ಆಕೆ ನನ್ನ ಪಾದವನ್ನು ತೊಡೆಯ ಮೇಲೆಳೆದುಕೊಂಡು ಒದ್ದೆ ದಾರ ಸುತ್ತಿದಳು. ನಮ್ಮಲ್ಲಿ ಯಾರಾದರೂ ಪಾದ ಮುಟ್ಟಿದರೆ ಹರಸದೆ ಇರಬಾರದು. ಬಾಯಿಗೆ ತಾನಾಗಿ ಬಂತು: "ಚಂದಾಗಿರವ್ವ."

"ನಿಮಗಿಂತ ಹಿರಿಯಾಕಿ ನಾ. ಹೆಬ್ಬಟ್ಟು ನೆಟ್ಟಗ ಇಡ್ರಿ!"

ಬಲಗಾಲಿಗೊಂದು ದಾರ, ಎಡಗಾಲಿಗೊಂದು. ಎಡಗಾಲು ಒಂದು ಜೋಳದ ಕಾಳಿನಷ್ಟು ಉದ್ದವಿತ್ತು. ನಲವತ್ತೆರಡು ವರ್ಷ ಅದರ ಮೇಲೆ ನಿಂತಿದ್ದರೂ ನನಗೆ ಗೊತ್ತಿರಲಿಲ್ಲ. ಮೊಹರಿನ ಅಟ್ಟೆಯನ್ನು ಹಾಗೇ ಉಳಿಸಿ, ಉಳಿದದ್ದನ್ನೆಲ್ಲ ಬಿಚ್ಚಿ ಹಾಕಿದಳು. ಸುತ್ತ ಬೇರೆ ಅಟ್ಟೆ ಕೂಡಿಸಿ ಅಗಲ ಮಾಡಿ, ಮೇಲೆ ಮೆತ್ತನೆಯ ಮೇಕೆ ತೊಗಲು ಹೊಲಿದಳು. ಬೆರಳಿನ ಮುಂದೆ ಒಂದು ಬೆರಳು ಜಾಗ ಬಿಟ್ಟಳು. ಬೂಟು ನೋಡಲು ಕಪ್ಪೆಯ ಹಾಗಾಯಿತು. ಮೆಟ್ಟಿದರೆ ಮೆಟ್ಟಿದ್ದೇ ಗೊತ್ತಾಗಲಿಲ್ಲ.

ಸೋಮವಾರ ತೆಂಗಳಿಗೆ ಹೊತ್ತಿಗೆ ಮುಂಚೆಯೇ ಮುಟ್ಟಿದೆ. ಬೇವಿನ ಕೆಳಗೆ ಕುರ್ಚಿಯಲ್ಲಿ ಅಮೀರ್ ಅಲಿ ಸಾಹೇಬರು, ಪಕ್ಕಕ್ಕೆ ನಾಗೇಂದ್ರಪ್ಪನವರು, ಹಿಂದೆ ಮಶಾಕ. ಸಾಹೇಬರು ಗಡಿಯಾರ ನೋಡಿ ತಲೆಯಾಡಿಸಿದರು. ಮುನಶಿಯವರು ನನ್ನ ಕಾಲು ನೋಡಿದರು.

"ಹುಜೂರ್, ಸರ್ಕಾರದ ಬೂಟು ಕೊಯ್ದಾನ್ರಿ! ಇದು ಗುನ್ಹಾ."

ಸಾಹೇಬರ ಹುಬ್ಬು ಮೇಲೇರಿತು. ಕೋಲು ನನ್ನ ಕೈಯಿಂದ ಜಾರಿದಂತೆಯೇ ಅನ್ನಿಸಿತು. ಹೋಗುವುದಾದರೆ ನಾನು ಹೇಳುವುದು ಹೇಳಿದ ಮೇಲೆ ಹೋಗಲಿ ಎಂದು ಸಿಟ್ಟು ನೆತ್ತಿಗೇರಿತು.

"ಕೊಯ್ಸೀನಿ ಖರೆ, ಹುಜೂರ್. ಮೊಹರು ಒಳಗ ಅದ, ನೋಡ್ರಿ. ನನ್ನ ಅಳತಿ ಅಂತ ಹೋದ ಕಾಗದಾನೂ ತಗೀರಿ. ಅದರ ಮ್ಯಾಲೆ ನನ್ನ ಕಾಲು ಇಡ್ತೀನಿ."

ಸಾಹೇಬರು ಜೊತೆಗೆ ತಂದಿದ್ದ ದಫ್ತರದ ಗಂಟಿನಲ್ಲಿ ಆ ಕಾಗದ ಇತ್ತು. ಬೂಟು ಕಳಚಿ ಪಾದ ಇಟ್ಟೆ. ಐದೂ ಬೆರಳು ಗೀಟಿನಾಚೆ.

"ಯಾರ ಪಾದ ಇದು?" ಎಂದರು ಸಾಹೇಬರು.

ಮುನಶಿಯವರು ತಮ್ಮ ಕಾಲು ಹಿಂದಕ್ಕೆ ಎಳೆದುಕೊಂಡರು. ಹಿಂದಿನಿಂದ ಮಶಾಕ, "ಮುನಶಿ ಸಾಹೇಬ್ರ ಕಾಲು ಇಡಿಸಿ ನೋಡ್ರಿ ಹುಜೂರ್, ಸುಮ್ಮ ಚಾಷ್ಟಿಗಿ" ಎಂದ.

ನಾಗೇಂದ್ರಪ್ಪನವರ ಪಾದ ಆ ಗೀಟಿನೊಳಗೆ ಹಾಲು ಬಟ್ಟಲಿಗೆ ಇಳಿದಂತೆ ಇಳಿಯಿತು.

"ಹುಕುಂನ್ಯಾಗ ಏನದ ಮುನಶಿಜಿ? ಕೈಯಾರೆ ಅಂತ ಅದ ಅಲ್ಲ? ಇವನ ಅಳತಿ ತಗೋರಿ ಮತ್ತ. ಈಗs, ನನ್ನ ಮುಂದ" ಎಂದರು ಸಾಹೇಬರು.

ಮುನಶಿಯವರು ರುಮಾಲು ಸರಿಪಡಿಸಿಕೊಂಡರು. ಧೋತರದ ನೆರಿಗೆ ಎತ್ತಿದರು. ಬೇರೆ ದಾರಿ ಕಾಣದೆ ನೆಲಕ್ಕೆ ಬಗ್ಗಿ, ಧೂಳು, ಬೆವರು ಹತ್ತಿದ ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದರು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ನೂರು ವರ್ಷ ಬಾಳು, ತಮ್ಮಾ!"

ಸಾಹೇಬರು ನಕ್ಕ ನಗೆಗೆ ಬೇವಿನ ಕಾಗೆಗಳೆಲ್ಲ ಹಾರಿದವು. ಕೋಲು ನನ್ನ ಕೈಯಲ್ಲೇ ಉಳಿಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಸರ್ಕಾರವಾಗುತ್ತಿರಲಿಲ್ಲ. ಮುನಶಿಗಳ ಅಳತೆಯನ್ನು ಇನ್ನು ನಂಬುವಂತಿಲ್ಲ ಎಂದು ಸಾಹೇಬರು ಬರೆದರು. ಅವರೆದುರೇ ತೆಗೆದ ನನ್ನ ಅಳತೆ ಒಂದೇ ಖಾತ್ರಿಯದು. ಆದ್ದರಿಂದ ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಹರಕಾರರೆಲ್ಲರಿಗೂ ಅದೇ ಅಳತೆಯ ಬೂಟು ಹೊಲಿಯತಕ್ಕದ್ದು.

ಹಾಗೆ ಈ ವರ್ಷ ಮಶಾಕನಿಗೂ ನನ್ನ ಪಾದದ ಬೂಟು ಬಂದಿದೆ. ಅವನದು ಗುಬ್ಬಿಯ ಕಾಲು. ಚೀಲ ತೆಗೆದುಕೊಂಡು ಹತ್ತು ಹೆಜ್ಜೆ ಓಡುತ್ತಾನೆ, ಹಿಂದೆ ಬಂದು ಬೂಟು ಹೆಕ್ಕಿಕೊಳ್ಳುತ್ತಾನೆ, ನನ್ನ ಪಾದಕ್ಕೆ, ನನ್ನ ಪಾದ ಹೆತ್ತವರಿಗೆ ಬೈಯುತ್ತಾನೆ.

"ಭೀಮಬಾಯಿ ಕಡೀ ಹೋಗೋ" ಎಂದೆ.

"ಹೋಗಿದ್ನಲ್ಲ! ಮೊದಲ ಓಡಿ ಬಾ ಅಂತಾಳ. ಇದ ಮೆಟ್ಟಿಕೊಂಡು ಹ್ಯಾಂಗ ಓಡ್ಲಿ?"