ಎರಡನೇ ಸೀಟಿನ ಬೆಲ್ಟು

ಮಗಳು ಮನೆಗೆ ಬಂದರೆ ಮೊದಲು ಹೋಗುವುದು ಹಿತ್ತಲ ಶೆಡ್ಡಿಗೆ. ಅಲ್ಲಿ ಅವಳ ಮಾವ, ಅಂದರೆ ನನ್ನ ತಮ್ಮ, ವೆಲ್ಡಿಂಗ್ ಕೆಲಸ ಮಾಡುತ್ತಾನೆ. ಈ ಸಲವೂ ಬ್ಯಾಗನ್ನು ಹೊಸ್ತಿಲಲ್ಲೇ ಇಟ್ಟು ಜೀಪನ್ನು ಶೆಡ್ಡಿನೊಳಗೆ ನುಗ್ಗಿಸಿದಳು.

ರಸ್ತೆಯಿಲ್ಲದ ಬೆಟ್ಟಗಳ ಮೇಲೆ ಮಳೆ ಅಳೆಯುವ ಯಂತ್ರಗಳಿರುತ್ತವೆ. ಅವು ಕೆಟ್ಟಾಗ ಹೋಗಿ ಸರಿಮಾಡುವುದು ಅವಳ ಕೆಲಸ. ಜೀಪು ಉರುಳಿದರೂ ಒಳಗಿದ್ದವರು ಜಜ್ಜಿಹೋಗದಿರಲಿ ಎಂದು ನನ್ನ ತಮ್ಮನೇ ಅದಕ್ಕೆ ದಪ್ಪ ಪೈಪುಗಳ ಪಂಜರ ಕಟ್ಟಿಕೊಟ್ಟಿದ್ದ. ಅದರಲ್ಲಿದ್ದದ್ದು ಒಂದೇ ಸೀಟು, ಪಕ್ಕದಲ್ಲೆಲ್ಲ ಸಾಮಾನು. ಈಗ ಎರಡನೇ ಸೀಟು ಬಂದಿತ್ತು. ಅದಕ್ಕೆ ಬೆಲ್ಟು ಕೂರಿಸಬೇಕಿತ್ತು.

"ಎರಡನೇ ಸೀಟು ಹಾಕಿಸಿದ ದಿನ ಮೊದಲು ನಿನ್ನನ್ನೇ ಕೂರಿಸ್ಕೊಂಡು ಹೋಗ್ತೀನಮ್ಮ" ಎಂದು ಅವಳು ಹಿಂದೊಮ್ಮೆ ಹೇಳಿದ್ದಳು. ಆ ಬೆಟ್ಟಗಳನ್ನು ನಾನು ಫೋನಿನಲ್ಲಿ ಮಾತ್ರ ನೋಡಿದ್ದೆ. ಅವಳ ಅರ್ಧ ಮಾತನ್ನು ಗಾಳಿಯೇ ತಿಂದುಬಿಡುತ್ತಿತ್ತು. ವರ್ಷದ ಬಹುಪಾಲು ನನ್ನ ಮಗು ಇರುವ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕು ಎನ್ನುವುದಷ್ಟೇ ನನ್ನ ಆಸೆ. ಅದನ್ನು ಬಾಯಿಬಿಟ್ಟು ಕೇಳಿರಲಿಲ್ಲ.

"ಅಮ್ಮಾ, ಸ್ವಲ್ಪ ಬಂದು ಇಲ್ಲಿ ಕೂತ್ಕೋ. ಅಳತೆ ಬೇಕು" ಎಂದು ಕೂಗಿದಳು.

ಹಾಲಿನ ಒಲೆ ಆರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಿದೆ. ಸೀಟಿನಲ್ಲಿ ಕೂತರೆ ಹೊಸ ರೆಕ್ಸಿನ್ ವಾಸನೆ. ಮಗಳು ಬಗ್ಗಿ ಸೊಂಟದ ಪಟ್ಟಿ ಎಳೆದಳು.

"ಹೊಟ್ಟೆ ಮೇಲಲ್ಲ, ಮೂಳೆ ಮೇಲೆ ಬರ್ಬೇಕು" ಎಂದ ತಮ್ಮ.

"ಈ ವಯಸ್ಸಲ್ಲಿ ಮೂಳೆ ಎಲ್ಲಿದೆ ಅಂತ ಹುಡುಕೋದೇ ಕಷ್ಟ ಕಣೋ."

"ಹುಡುಕು ಅಕ್ಕ, ಅವಸರ ಇಲ್ಲ."

ಭುಜದ ಮೇಲಿಂದ ಬರುವ ಎರಡು ಪಟ್ಟಿಗಳನ್ನು ಬೆನ್ನ ಹಿಂದಿನ ನೆಲಕ್ಕೆ ಬೋಲ್ಟ್ ಮಾಡಿದರೆ ಸಾಲದೇ ಎಂದು ಕೇಳಿದೆ. ತಮ್ಮ ತಲೆಯಾಡಿಸಿದ. ನೆಲದ ತಗಡು ಕಿತ್ತುಬರುತ್ತದೆ. ಕಿತ್ತುಬರದಿದ್ದರೂ ಪಟ್ಟಿ ಭುಜವನ್ನು ಕೆಳಗೆ ಎಳೆಯುತ್ತದೆ, ಗುದ್ದಿದ ಏಟಿಗೆ ಬೆನ್ನುಮೂಳೆ ಕುಸಿಯುತ್ತದೆ. ಪಟ್ಟಿ ಭುಜದಿಂದ ಹೆಚ್ಚುಕಡಿಮೆ ನೇರವಾಗಿ ಹಿಂದಕ್ಕೆ ಹೋಗಬೇಕು. ಅದಕ್ಕೆ ಪಂಜರದ ಎರಡು ಕಂಬಗಳ ನಡುವೆ, ಕೂತವರ ಭುಜದ ಮಟ್ಟಕ್ಕೆ, ಒಂದು ಅಡ್ಡ ಪೈಪು ಬೆಸೆಯಬೇಕು. ಪಂಜರಕ್ಕೆ ತೂತು ಕೊರೆಯುವಂತೆಯೇ ಇಲ್ಲ, ಅದರ ಬಲ ಕುಂದುತ್ತದೆ.

ಅವನು ನನ್ನ ಭುಜದ ಮಟ್ಟದಲ್ಲಿ ಕಂಬಕ್ಕೆ ಗೆರೆ ಎಳೆದ. ನನ್ನ ಅಳತೆಗೇ ಒಂದು ಉಕ್ಕಿನ ಪೈಪು! ಯಾರಾದರೂ ಬಳೆ ಮಾಡಿಸಿಕೊಟ್ಟಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ. ಒಳಗೆ ಹೋಗಿ ಬಟ್ಟೆ ಒಗೆಯುವಾಗಲೇ ಯಾವ ಸೀರೆ, ಯಾವ ಸ್ವೆಟರ್ ಎಂದು ಲೆಕ್ಕ ಹಾಕುತ್ತಿದ್ದೆ.

ಬಕೆಟ್ ಹಿಡಿದು ಹಿತ್ತಲಿಗೆ ಬಂದಾಗ ಮಗಳು ಫೋನಿನಲ್ಲಿದ್ದಳು.

"ಲೇ ಏಣಿ, ನಿನ್ನ ಸೀಟಿಗೆ ಬೆಲ್ಟು ರೆಡಿ ಆಗ್ತಿದೆ. ನಾಳೆಯಿಂದ ಸಾಮಾನಿನ ಮೇಲೆ ಕೂತು ಬರೋ ಯೋಗ ಇಲ್ಲ ನಿಂಗೆ."

ಏಣಿ ಅವಳ ಜೊತೆ ಕೆಲಸ ಮಾಡುವ ಹುಡುಗಿ. ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬಂದವಳು.

ನಾನು ಒಂದು ದಿಂಬಿನ ಚೀಲ ಹಿಂಡಿ ಹಗ್ಗಕ್ಕೆ ಹಾಕಿದೆ. ಅದನ್ನೇ ಮತ್ತೆ ತೆಗೆದು ಮತ್ತೆ ಹಿಂಡಿದೆ. ಶೆಡ್ಡಿನಲ್ಲಿ ತಮ್ಮ ಅಡ್ಡ ಪೈಪನ್ನು ಗೆರೆಗೆ ಹಿಡಿದು, ಮುಖಕ್ಕೆ ಮುಸುಕು ಇಳಿಸುತ್ತಿದ್ದ. ಸುಮ್ಮನಿದ್ದರೆ ಆ ಪೈಪು ನನ್ನ ಭುಜದ ಮಟ್ಟದಲ್ಲೇ ಕೂರುತ್ತದೆ, ಆ ಸೀಟು ನನ್ನದಾಗಿಯೇ ಇರುತ್ತದೆ. ಬಗ್ಗಿ ಬಕೆಟ್ಟಿನಿಂದ ಇನ್ನೊಂದು ಬಟ್ಟೆ ಎತ್ತಿಕೊಂಡೆ. ಆ ಹುಡುಗಿಯ ಉದ್ದ ಬೆನ್ನು ಕಣ್ಣಿಗೆ ಕಟ್ಟಿತು.

"ನಿಲ್ಸೋ! ಅವಳು ನನಗಿಂತ ಒಂದು ಗೇಣು ಎತ್ತರ ಇದ್ದಾಳೆ."

ತಮ್ಮ ಮುಸುಕು ಮೇಲೆತ್ತಿದ. "ಯಾರು?"

"ಈ ಸೀಟಲ್ಲಿ ಕೂರೋಳು."

ತಮ್ಮ ನನ್ನ ಮಗಳ ಕಡೆ ತಿರುಗಿದ. "ಏಣಿ ಅಂತ ಕರೀತೀಯ, ಅಳತೆ ಮಾತ್ರ ಮಣೇದು ತಗೊಂಡಿದೀಯಲ್ಲೇ!"

"ಕೂತ್ರೆ ಎಲ್ಲರೂ ಒಂದೇ ಅಂದ್ಕೊಂಡೆ ಮಾವ. ಅಮ್ಮ ಹತ್ರಾನೇ ಇದ್ಲಲ್ಲ..." ಅವಳ ಮುಖ ಸಣ್ಣದಾಯಿತು.

"ಅವಳನ್ನೇ ಕರೆಸು. ಫೋನಲ್ಲಿ ಹೇಳಿದ ಅಳತೆಗೆ ನಾನು ಬೆಸೆಯಲ್ಲ."

ಏಣಿ ಬೆಳಗಿನ ಬಸ್ಸಿಗೆ ಬರುವುದೆಂದಾಯಿತು. ಹೊರಡುವುದು ಒಂದು ದಿನ ಮುಂದಕ್ಕೆ ಹೋಯಿತು.

ಸಂಜೆ ಒಣಗಿದ ಬಟ್ಟೆ ಮಡಚುತ್ತಿದ್ದೆ. ಮಗಳು ಎದುರಿಗೆ ಬಂದು ಕೂತು, ಒಂದು ಟವೆಲ್ ತೆಗೆದುಕೊಂಡು ಸೊಟ್ಟಗೆ ಮಡಚಿದಳು.

"ನೀನೇ ಬರ್ತೀಯ ಅಂದ್ಕೊಂಡಿದ್ಯಾ ಅಮ್ಮ?"

"ಹೂಂ" ಎಂದೆ.

"ಹೇಳ್ಬಾರ್ದಿತ್ತಾ?"

"ನೀನು ಕೇಳ್ತೀಯ ಅಂತ ಇದ್ದೆ."

ಅವಳು ಟವೆಲ್ಲನ್ನು ಬಿಚ್ಚಿ ಮತ್ತೆ ಮಡಚಿದಳು. "ಪೈಪು ಮೇಲೆ ಹೋದ್ರೆ ಪಟ್ಟಿ ನಿನ್ನ ಭುಜಕ್ಕೆ ಕೂರಲ್ಲ. ಕೆಳಗೆ ದಿಂಬು ಹಾಕೋ ಹಾಗೂ ಇಲ್ಲ, ಜಾರುತ್ತೆ. ಬೆಲ್ಟು ಸರಿಯಿಲ್ದೆ ನಿನ್ನ ಅಲ್ಲಿಗೆ ಕರ್ಕೊಂಡು ಹೋಗೋ ಧೈರ್ಯ ನಂಗಿಲ್ಲಮ್ಮ."

"ಗೊತ್ತು ಕಣೇ. ಅಲ್ಲಿ ಬೆಳಗ್ಗೆ ಎದ್ರೆ ಏನು ಕಾಣುತ್ತೆ, ಅದನ್ನಾದ್ರೂ ಹೇಳು."

"ಮೊದಲು ಏನೂ ಕಾಣಲ್ಲ. ಬರೀ ಬಿಳುಪು. ಆಮೇಲೆ ಕೆಳಗೆ ಹೊಳೆ ಕಾಣುತ್ತೆ, ಬೂದಿ ಬಣ್ಣ. ಅದರಾಚೆ ಒಂದು ರೈಲು ಹೋಗುತ್ತೆ. ಇರುವೆ ಸಾಲಿನ ಹಾಗೆ. ಸದ್ದೇ ಕೇಳಲ್ಲ."

"ಆಗ ನೀನೇನು ಮಾಡ್ತಿರ್ತೀಯ?"

"ಟೀ ಕುಡೀತಿರ್ತೀನಿ. ತಣ್ಣಗಾಗಿರುತ್ತೆ."

ಬಟ್ಟೆ ಮಡಿಲಲ್ಲೇ ಉಳಿಯಿತು. ಅವಳು ಹೇಳುತ್ತಾ ಹೋದಳು, ನಾನು ನಡುನಡುವೆ ಕೇಳುತ್ತಾ ಹೋದೆ.

ಮರುದಿನ ಏಣಿ ಬಂದು ಕೂತಳು. ಗೆರೆ ಒಂದು ಮುಷ್ಟಿಯಷ್ಟು ಮೇಲಕ್ಕೆ ಹೋಯಿತು. ಪೈಪು ಬೆಸೆದು ಆರಿದ ಮೇಲೆ ನನ್ನ ತಮ್ಮ ಅದಕ್ಕೆ ಪಟ್ಟಿ ಸುತ್ತಿ, ಮೈಭಾರವನ್ನೆಲ್ಲ ಹಾಕಿ ಜಗ್ಗಿ ನೋಡಿದ. ಅದರ ಮಾರನೇ ಬೆಳಗ್ಗೆ ಇಬ್ಬರೂ ಹೊರಟರು. ತಿರುವಿನವರೆಗೂ ಎರಡು ತಲೆಗಳು ಕಂಡವು, ಒಂದು ಎತ್ತರ, ಒಂದು ನನ್ನ ಮಗಳದು.

ಈಗ ಬೆಳಗ್ಗೆ ಪಾತ್ರೆ ತೊಳೆಯಲು ಕೂತಾಗ ನಲ್ಲಿಯನ್ನು ಒಂದು ಗಳಿಗೆ ನಿಲ್ಲಿಸುತ್ತೇನೆ. ರೈಲು ಹೋಗುವ ಹೊತ್ತು. ಅವಳ ಟೀ ಇನ್ನೇನು ತಣ್ಣಗಾಗುತ್ತಿರಬೇಕು.