ಆರು ತುಂಡಿನ ಹಾಡು

ಸಿಂದಗಿ ಬಸ್‌ಸ್ಟ್ಯಾಂಡ್ ಎದುರಿನ ನೆಟ್ ಅಂಗಡಿ ಬಾಗಿಲು ತೆಗೆಯುವ ಮೊದಲೇ ಪರಪ್ಪ ಬಂದು ನಿಂತಿದ್ದ. ಇಪ್ಪತ್ತು ವರ್ಷದಿಂದ ಅಡತಿ ಅಂಗಡಿಯಲ್ಲಿ ಜೋಳ ಅಳೆಯುವ ಮನುಷ್ಯ, ಕಂಪ್ಯೂಟರ್ ಮುಟ್ಟಿದವನಲ್ಲ. ಆದರೂ ಬಂದಿದ್ದ. ಬರದೆ ಇರುತ್ತಾನೆಯೇ? ಅವನಿಗೆ ಎಂಟು ವರ್ಷವಿದ್ದಾಗ ವಿಶ್ವವಿದ್ಯಾಲಯದವರು ಅವನೂರು ಆಲಮೇಲಕ್ಕೆ ಬಂದು, ಅವನ ತಾಯಿ ಗುರವ್ವನ ಬೀಸುವ ಹಾಡನ್ನು ಟೇಪಿನಲ್ಲಿ ಹಿಡಿದುಕೊಂಡು ಹೋಗಿದ್ದರು. ಮರುವರ್ಷ ಅವಳು ತೀರಿಕೊಂಡಳು. ಮುಖ ನೆನಪಿತ್ತು, ದನಿ ಮಾತ್ರ ಎಷ್ಟು ತಿಣುಕಿದರೂ ಬರುತ್ತಿರಲಿಲ್ಲ. ಆ ಹಾಡು ಈಗ ಇಂಟರ್‌ನೆಟ್ಟಿನಲ್ಲಿದೆ ಎಂದು ಊರಿನ ಮಾಸ್ತರರು ಚೀಟಿ ಬರೆದುಕೊಟ್ಟಿದ್ದರು.

ಅಂಗಡಿಯ ವಿಜಯಶ್ರೀ ಪುಟ ತೆರೆದಳು. "ಕಾಕಾ, ಹಾಡ ದೊಡ್ಡದೈತ್ರಿ. ಆರು ತುಂಡು ಮಾಡಿ ಇಟ್ಟಾರ. ಒಂದಾದ ಮ್ಯಾಲ ಒಂದು ಇಳಿಸಿ ಜೋಡಿಸ್ಬೇಕು. ಒಂದು ತುಂಡು ತಪ್ಪಿದ್ರೂ ಹಾಡಂಗಿಲ್ಲ. ಇವತ್ತ ಹನ್ನೆರಡಕ್ಕ ಈ ಪುಟ ಬಂದ್ ಅಂತ ಬ್ಯಾರೆ ಬರದಾರ!"

"ಎಣಿಕಿ ನಂಗ ಬಿಡವಾ. ನಾ ಕೂಗ್ತೇನಿ, ನೀ ತುಂಡಿಗೆ ಅದನ್ನs ಹೆಸರ ಬರಿ. ಹೂಂ, ಲಾಭ!"

ಯಾರಿಗೋ ಫೋನ್ ಹಚ್ಚಿಕೊಡುತ್ತಲೇ ವಿಜಯಶ್ರೀ ಕಿವಿಗೆ ಬಿದ್ದದ್ದನ್ನು ಹಾಗೇ ಒತ್ತಿದಳು. ಮೊದಲ ಫೈಲ್ ಇಳಿಯಲು ಅರ್ಧ ತಾಸು ಹಿಡಿಯಿತು. "ಎರಡು!" "ಮೂರು!" ಪರದೆಯ ನೀಲಿ ಪಟ್ಟಿ ತುದಿ ಮುಟ್ಟಿದಾಗಲೆಲ್ಲ ಪರಪ್ಪ ತೊಡೆ ತಟ್ಟುತ್ತಿದ್ದ. ಪಕ್ಕದ ಹೋಟೆಲಿನವರು ಚಹಾ ಬಿಟ್ಟು ಬಂದು ನೆರೆದರು. "ಆರು!" ಮುಗಿದಾಗ ಹನ್ನೆರಡಕ್ಕೆ ಎರಡೇ ನಿಮಿಷ.

ಜೋಡಿಸಲು ಕೊಟ್ಟರೆ, ಒಂದನೆಯ ತುಂಡು ಇಲ್ಲ ಎಂದಿತು ಕಂಪ್ಯೂಟರ್. ವಿಜಯಶ್ರೀ ಗಾಬರಿಯಾಗಿ ಪುಟಕ್ಕೆ ಓಡಿದಳು. ಪುಟ ತೆರೆಯುವಷ್ಟರಲ್ಲಿ ಹನ್ನೆರಡು ಹೊಡೆದು, ಎಲ್ಲ ಬಂದ್.

"ಕಾಕಾ, ಒಂದನೇದು ಇಳಿಸೇ ಇಲ್ಲಲ್ರಿ! ಎರಡರಿಂದ ಐತಿ!"

ಪರಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಏ ಹುಚ್ಚಿ, ಒಂದು ಅಂತ ಯಾರರ ಅಂತಾರೇನ? ರಾಶಿ ಅಳಿಯೂಮುಂದ ಮೊದಲನೇದಕ್ಕ ಲಾಭ ಅಂತೇವಿ. ಲಾಭ ಆದ ಮ್ಯಾಲ ಎರಡು!"

"ಅಯ್ಯ ನಮ್ಮವ್ವ! ಚೊಲೋದಾಗ್ಲಿ ಅಂತ ಅಂದ್ರಿ ಅನ್ಕೊಂಡಿದ್ದೆ! ಫೋನಿನ ಗದ್ದಲದಾಗ ಅದನ್ನs ಹೆಸರ ಬರದ್ನೇನ?"

ಫೈಲುಗಳ ಪಟ್ಟಿಯ ಬುಡದಲ್ಲಿ 'ಲಾಭ' ತಣ್ಣಗೆ ಕೂತಿತ್ತು. ವಿಜಯಶ್ರೀ ಹೆಸರು ಅಳಿಸಿ ಒಂದು ಎಂದು ಬರೆದಳು. ಆರೂ ಒಂದಾದವು. ಬೀಸುವ ಕಲ್ಲು ಗರಗರ ಅಂದಿತು, ಅದರ ಹಿಂದೆಯೇ ತುಸು ಒಡಕಲು ಹೆಣ್ಣುದನಿ.

"ನಮ್ಮವ್ವ! ನಮ್ಮವ್ವನs ಇದು!" ಪರಪ್ಪ ರುಮಾಲು ಬೀಸಿ ಕುಣಿದೇಬಿಟ್ಟ. ನೆರೆದವರು ಸಿಳ್ಳೆ ಹೊಡೆದರು.

ನಡುವೆ ಹಾಡು ನಿಂತಿತು. "ಏ ಪರಪ್ಪಾ, ಗದ್ದಲಾ ಮಾಡಬ್ಯಾಡೋ. ಮಂದಿ ಹಾಡ ತುಂಬ್ಕೊಳ್ಳಾಕತ್ತಾರ. ಸುಮ್ನ ಕುಂದ್ರು," ಎಂದಿತು ಅದೇ ದನಿ.

ನಲವತ್ತನಾಲ್ಕು ವರ್ಷದ ಪರಪ್ಪ ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ.

"ಕುಂತೇನಿಬೇ ಯವ್ವಾ," ಎಂದ.